ಬೆಂಗಳೂರಿನ ಕೊಳೆನೀರು ಕೋಲಾರದ ಕೆರೆಗೆ ಬಂದ ದಾರಿ

ಕೋಲಾರ ಜಿಲ್ಲೆಯಲ್ಲಿ ಇವತ್ತು ಯಾವ ಊರಿಗೆ ಹೋದರೂ "ಕೆ.ಸಿ. ವ್ಯಾಲಿ ನೀರು" ಎಂಬ ಮಾತು ಕೇಳುತ್ತದೆ. ಅಜ್ಜಿಯರೂ ಹೇಳುತ್ತಾರೆ, ಶಾಲೆ ಮಕ್ಕಳೂ ಹೇಳುತ್ತಾರೆ. ಕೆ.ಸಿ. ಎಂದರೆ ಕೋರಮಂಗಲ-ಚಲ್ಲಘಟ್ಟ. ಬೆಂಗಳೂರಿನ ಒಂದು ಕಣಿವೆಯ ಹೆಸರು ಅರವತ್ತು ಎಪ್ಪತ್ತು ಕಿಲೋಮೀಟರ್ ಆಚೆಯ ಹಳ್ಳಿಗಳ ಬಾಯಲ್ಲಿ ನೀರಿನ ಹೆಸರಾಗಿ ನಿಂತಿದೆ. ಅದು ಹೇಗೆ ಆಯಿತು ಎಂಬುದನ್ನು ಮೊದಲಿನಿಂದ ಹೇಳಬೇಕು ಎಂದು ನಮಗೆ ಬಹಳ ದಿನದಿಂದ ಅನ್ನಿಸುತ್ತಿತ್ತು. ದಿನದ ಸುದ್ದಿಯಲ್ಲಿ ನಾವು ಬರೆಯುವುದು ಹತ್ತು ಸಾಲು: ಇಂತಹ ಕೆರೆ ಕೋಡಿ ಬಿತ್ತು, ಶಾಸಕರು ಬಾಗಿನ ಅರ್ಪಿಸಿದರು, ಹೋರಾಟಗಾರರು ಮನವಿ ಕೊಟ್ಟರು. ಆ ಹತ್ತು ಸಾಲಿನ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಕಥೆಯಿದೆ.

ನದಿ ಇಲ್ಲದ ಊರು

ಬೆಂಗಳೂರು ನದಿ ದಂಡೆಯ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು. ಮಳೆ ಬಿದ್ದರೆ ನೀರು ಮುಖ್ಯವಾಗಿ ಮೂರು ಕಡೆ ಇಳಿಯುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿ ಕಣಿವೆ ಹಿಡಿದು ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ಹರಿದು ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. ಈ ಕಣಿವೆಗಳಲ್ಲಿ ಹಿಂದಿನವರು ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಆ ಸರಪಳಿಯ ಕೊನೆಯ ದೊಡ್ಡ ಕೆರೆಗಳು ಬೆಳ್ಳಂದೂರು ಮತ್ತು ವರ್ತೂರು. ಬೆಳ್ಳಂದೂರು ಒಂದೇ ಸುಮಾರು 900 ಎಕರೆ.

ಊರು ಚಿಕ್ಕದಿದ್ದಾಗ ಕೆರೆ, ಬಾವಿ, ಕಲ್ಯಾಣಿ ಸಾಕಾಗುತ್ತಿತ್ತು. ಮನೆಯ ಬಚ್ಚಲ ನೀರು ಹಿತ್ತಲ ಬಾಳೆಗಿಡಕ್ಕೆ ಹೋಗಿ ಮುಗಿಯುತ್ತಿತ್ತು. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಎರಡೇ ವರ್ಷಕ್ಕೆ, 1898ರಲ್ಲಿ, ಪ್ಲೇಗ್ ಬಂತು. ಊರಿನ ಕೊಳೆಯನ್ನು ಏನು ಮಾಡಬೇಕು ಎಂಬ ಚಿಂತೆ ಆಡಳಿತಕ್ಕೆ ಗಂಭೀರವಾಗಿ ಹತ್ತಿದ್ದು ಆ ಹೊತ್ತಿನಲ್ಲಿ. ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳು ಎದ್ದದ್ದೂ ಆ ಕಾಲದಲ್ಲೇ. 1922ರಲ್ಲಿ ನಗರದ ನಡುಭಾಗದಲ್ಲಿ ಒಳಚರಂಡಿ ಕೆಲಸ ಶುರುವಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಸೇರಿತು.

ಇಲ್ಲಿ ಒಂದು ಸರಳ ಲೆಕ್ಕವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮನೆಗೆ ಬಂದ ನೀರಿನಲ್ಲಿ ಸುಮಾರು ನೂರಕ್ಕೆ ಎಂಬತ್ತು ಭಾಗ ಕೊಳೆನೀರಾಗಿ ಹೊರಗೆ ಹೋಗುತ್ತದೆ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ಅಂದರೆ ಊರಿಗೆ ಎಷ್ಟು ನೀರು ತಂದಿರೋ ಹೆಚ್ಚುಕಡಿಮೆ ಅಷ್ಟನ್ನೇ ಇನ್ನೊಂದು ಬಾಗಿಲಿಂದ ಆಚೆ ಕಳಿಸಲೇಬೇಕು. ತರುವುದಕ್ಕೆ ಇದ್ದ ಉತ್ಸಾಹ ಕಳಿಸುವುದಕ್ಕೆ ಯಾವ ಕಾಲದಲ್ಲೂ ಇರಲಿಲ್ಲ. ಈ ಕಥೆಯ ಎಲ್ಲ ತಾಪತ್ರಯದ ಬೇರು ಇದೇ.

1974

ನೀರಿನ ಇತಿಹಾಸದಲ್ಲಿ 1974 ಮರೆಯಬಾರದ ವರ್ಷ. ಕಾವೇರಿ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು ಆ ವರ್ಷ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತಂದ ನೀರು ಅದು. ಜಲಮಾಲಿನ್ಯ ತಡೆ ಕಾಯ್ದೆಯನ್ನು ಸಂಸತ್ತು ಮಾಡಿದ್ದೂ, ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದೂ ಅದೇ ವರ್ಷ. ವೃಷಭಾವತಿ ಕಣಿವೆಯಲ್ಲೂ ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲೂ ಕೊಳೆನೀರು ಶುದ್ಧೀಕರಣ ಘಟಕಗಳು ಬಂದದ್ದೂ ಆ ದಶಕದಲ್ಲಿಯೇ.

ಆದರೆ ಮೊದಲು ಕಟ್ಟಿದ್ದು ಪ್ರಾಥಮಿಕ ಹಂತ ಮಾತ್ರ. ಶುದ್ಧೀಕರಣದಲ್ಲಿ ಮೂರು ಮೆಟ್ಟಿಲು ಇವೆ. ಮೊದಲನೆಯದರಲ್ಲಿ ಜಾಲರಿ ಹಾಕಿ ಚಿಂದಿ, ಪ್ಲಾಸ್ಟಿಕ್ ತೆಗೆಯುತ್ತಾರೆ, ಮರಳು ಇಳಿಸುತ್ತಾರೆ, ದೊಡ್ಡ ತೊಟ್ಟಿಯಲ್ಲಿ ನೀರು ನಿಲ್ಲಿಸಿ ಗಸಿ ತಳಕ್ಕೆ ಕೂರುವಂತೆ ಮಾಡುತ್ತಾರೆ. ಎರಡನೆಯದರಲ್ಲಿ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು. ತೊಟ್ಟಿಗೆ ಗಾಳಿ ಊದುತ್ತಾರೆ, ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಹೊಲಸನ್ನು ತಿಂದು ಬೆಳೆಯುತ್ತವೆ, ಆಮೇಲೆ ಆ ಬ್ಯಾಕ್ಟೀರಿಯಾದ ಮುದ್ದೆಯನ್ನೇ ತಳಕ್ಕೆ ಕೂರಿಸಿ ಬೇರೆ ಮಾಡುತ್ತಾರೆ. ಮೂರನೆಯದರಲ್ಲಿ ಮರಳಿನ ಸೋಸುವಿಕೆ, ಸಾರಜನಕ-ರಂಜಕ ತೆಗೆಯುವುದು, ಇನ್ನೂ ಸೂಕ್ಷ್ಮವಾದ ಶೋಧಕಗಳು ಬರುತ್ತವೆ. ಮೆಟ್ಟಿಲು ಏರಿದಷ್ಟೂ ಕರೆಂಟು, ದುಡ್ಡು, ನುರಿತ ಕೈ ಹೆಚ್ಚು ಬೇಕು.

ನೀರು ಎಷ್ಟು ಕೆಟ್ಟಿದೆ ಎಂಬುದಕ್ಕೆ ಬಿಒಡಿ ಎಂಬ ಅಳತೆ ಇದೆ. ನೀರಿನಲ್ಲಿರುವ ಹೊಲಸನ್ನು ಜೀವಿಗಳು ತಿಂದು ಮುಗಿಸಲು ಎಷ್ಟು ಆಮ್ಲಜನಕ ಬೇಕು ಎಂಬುದರ ಲೆಕ್ಕ ಅದು. ಊರಿನ ಹಸಿ ಕೊಳೆನೀರಿನಲ್ಲಿ ಅದು ಲೀಟರಿಗೆ 200-300 ಮಿಲಿಗ್ರಾಂ ಇರುವುದು ಸಾಮಾನ್ಯ. ಮೊದಲ ಮೆಟ್ಟಿಲು ಇದರಲ್ಲಿ ಮೂರನೇ ಒಂದು ಭಾಗದಷ್ಟನ್ನು ತೆಗೆದರೆ ಹೆಚ್ಚು. ಎರಡನೆಯದು ಸರಿಯಾಗಿ ನಡೆದರೆ 20-30ಕ್ಕೆ ಇಳಿಯುತ್ತದೆ. ಹೀಗೆ ಅರ್ಧಂಬರ್ಧ ತೊಳೆದ ನೀರನ್ನು ವರ್ಷಗಟ್ಟಲೆ ಕಣಿವೆಗೆ ಬಿಡಲಾಯಿತು. ಘಟಕಗಳನ್ನು ಎರಡನೇ ಹಂತಕ್ಕೆ ಏರಿಸುವ ಹೊತ್ತಿಗೆ ಊರು ಅವುಗಳನ್ನು ಮೀರಿ ಬೆಳೆದಿತ್ತು. ಒಳಚರಂಡಿಗೆ ಸೇರದ ಮನೆಗಳ ನೀರು ರಾಜಕಾಲುವೆ ಹಿಡಿಯಿತು. ರಾಜಕಾಲುವೆಗೆ ಬಂದದ್ದು ಘಟಕವನ್ನು ನೋಡದೆಯೇ ನೇರ ಕೆರೆಗೆ ಹೋಯಿತು. 1982-83, 1993, 2002, 2012 ಎಂದು ಕಾವೇರಿಯ ಒಂದೊಂದು ಹಂತ ಬಂದಂತೆಲ್ಲ ಕೆಳಗಿನ ಕೆರೆಗಳಿಗೆ ಹೋಗುವ ಕೊಳೆಯೂ ಒಂದೊಂದು ಹಂತ ಏರಿತು.

ಕೆಳಗಿನವರು ಕಂಡದ್ದು

ವೃಷಭಾವತಿಯ ಕೆಳಗೆ, ಬಿಡದಿ ಸಮೀಪ, ಬೈರಮಂಗಲ ಜಲಾಶಯವಿದೆ. 1940ರ ದಶಕದಲ್ಲಿ ಗದ್ದೆಗಳಿಗಾಗಿ ಕಟ್ಟಿದ್ದು. ಬೆಂಗಳೂರಿನ ಮನೆಗಳ ಕೊಳೆಯ ಜೊತೆಗೆ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ನೀರೂ ಬಂದು ನಿಲ್ಲುವ ತಾಣ ಅದಾಯಿತು. ಅಚ್ಚುಕಟ್ಟಿನಲ್ಲಿ ಭತ್ತ ಹಿಂದೆ ಸರಿಯಿತು. ಮೇವಿನ ಹುಲ್ಲು, ಹಿಪ್ಪುನೇರಳೆ, ಬೇಬಿಕಾರ್ನ್, ತೆಂಗು ಬಂದವು. ಏಟ್ರೀ ಸಂಸ್ಥೆಯವರು ಈ ಕಣಿವೆಯನ್ನು ವರ್ಷಗಳ ಕಾಲ ಅಧ್ಯಯನ ಮಾಡಿದ್ದಾರೆ. ಅಲ್ಲಿನ ರೈತರದು ಇಕ್ಕಟ್ಟಿನ ಸ್ಥಿತಿ. ನೀರು ವರ್ಷವಿಡೀ ಬರುತ್ತದೆ, ಗೊಬ್ಬರದ ಅಂಶವೂ ಇದೆ, ಆದ್ದರಿಂದ ಬೆಳೆ ಇದೆ. ಆದರೆ ಅದೇ ನೀರಿನಿಂದ ಬಾವಿ ಕೆಟ್ಟಿದೆ, ಕೈಕಾಲು ತುರಿಸುತ್ತದೆ, ಕುಡಿಯುವ ನೀರನ್ನು ಬೇರೆ ಕಡೆಯಿಂದ ತರಬೇಕು. ಕೊಳೆನೀರು ಕೆಳಗಿನವರಿಗೆ ಬರೀ ಶಾಪ ಎಂದು ಬರೆದರೆ ಅದು ಅರ್ಧ ಸತ್ಯ. ವರ ಎಂದು ಬರೆದರೆ ಅದೂ ಅರ್ಧವೇ.

ಪೂರ್ವದ ಕಣಿವೆಯಲ್ಲಿ ಆದದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯಲ್ಲಿ ಆಳೆತ್ತರದ ನೊರೆ ಎದ್ದಿತು. ಸೋಪಿನ ಪುಡಿಯ ಅಂಶ, ರಂಜಕ, ಕೊಳೆತ ಸಾವಯವ ವಸ್ತು ಎಲ್ಲ ಕೂಡಿದ ನೀರು ಕೋಡಿಯಿಂದ ಧುಮುಕುವಾಗ ಮೊಸರು ಕಡೆದಂತೆ ಆಗಿ ನೊರೆ ಬರುತ್ತಿತ್ತು. ಗಾಳಿ ಬೀಸಿದರೆ ರಸ್ತೆಗೆ ಹಾರುತ್ತಿತ್ತು. 2015ರ ಮೇ ತಿಂಗಳಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ ಬೆಂಕಿ. 2018ರ ಜನವರಿಯಲ್ಲಿ ಹೊತ್ತಿದ್ದನ್ನು ಆರಿಸಲು ಸೈನಿಕರೇ ಬರಬೇಕಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪ್ರಕರಣವನ್ನು ಕೈಗೆತ್ತಿಕೊಂಡು ಸರ್ಕಾರಕ್ಕೆ ದಂಡ ಹಾಕಿತು. ಇನ್ನೂ ಕೆಳಗೆ, ಗಡಿ ದಾಟಿ, ಹೊಸೂರು ಬಳಿಯ ಕೆಲವರಪಳ್ಳಿ ಅಣೆಕಟ್ಟೆಯಲ್ಲೂ ನೊರೆ ಕಾಣಿಸಿತು. ಬೆಂಗಳೂರಿನ ಬಚ್ಚಲಿಗೆ ರಾಜ್ಯದ ಗಡಿ ಗೊತ್ತಿಲ್ಲ.

ಬಾಯಾರಿದ ಸೀಮೆ

ಇತ್ತ ಕೋಲಾರದ ಕಥೆ ಬೇರೆಯೇ. ಇಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ಇಲ್ಲಿ ಮಳೆಗಾಲದ ಹಳ್ಳ. ಅದಕ್ಕೇ ಹಿರಿಯರು ಸಾವಿರಾರು ಕೆರೆ ಕಟ್ಟಿದ್ದರು. ಕೆರೆಗೆ ನೀರುಗಂಟಿ ಇದ್ದ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನ ಲೆಕ್ಕ. ಕಳೆದ ಶತಮಾನದ ಆರಂಭದಲ್ಲಿ ಚಿನ್ನದ ಗಣಿಯ ಊರಿಗೆ ನೀರು ಹೋದದ್ದು ಪಾಲಾರ್ ಮೇಲಿನ ಬೇತಮಂಗಲ ಕೆರೆಯಿಂದ. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳು ಮಾಡಿಕೊಂಡ ಒಪ್ಪಂದದಲ್ಲಿ ಪಾಲಾರ್, ದಕ್ಷಿಣ ಪಿನಾಕಿನಿ ಸೇರಿ ಹಲವು ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಹೊಸ ಜಲಾಶಯ ಕಟ್ಟದಂತೆ ನಿರ್ಬಂಧ ಬಂತು. ಇದ್ದ ಕೆರೆಗಳನ್ನೇ ಕಾಪಾಡಿಕೊಳ್ಳಬೇಕಾಗಿತ್ತು.

ಕಾಪಾಡಿಕೊಳ್ಳಲಿಲ್ಲ. ಹೂಳು ತುಂಬಿತು, ಕಾಲುವೆ ಒತ್ತುವರಿಯಾಯಿತು, 1980ರ ದಶಕದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಎದ್ದಿತು, ಬೋರ್‌ವೆಲ್ ಬಂತು. ಮೊದಲು 200 ಅಡಿ, ಆಮೇಲೆ 500, ಆಮೇಲೆ 1,000 ಅಡಿ ದಾಟಿತು. ಅಷ್ಟು ಆಳದಿಂದ ಬಂದ ನೀರಿನಲ್ಲಿ ಬಂಡೆಯ ಫ್ಲೋರೈಡ್ ಕರಗಿ ಬಂತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಅದನ್ನು ಮೀರಿದ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲಿನ ಕಂದು ಗೆರೆಗಳನ್ನು ನಮ್ಮ ಜಿಲ್ಲೆಯಲ್ಲಿ ಯಾರಿಗೂ ತೋರಿಸಿ ಹೇಳಬೇಕಾಗಿಲ್ಲ.

ಶಾಶ್ವತ ನೀರಾವರಿ ಬೇಕು ಎಂದು ಜನ ದಶಕಗಳಿಂದ ಕೂಗಿದರು. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ನೀರು ಬರಲಿಲ್ಲ. 2015ರಲ್ಲಿ ಧರಣಿ ಶುರುವಾಗಿ ತಿಂಗಳುಗಟ್ಟಲೆ ನಡೆಯಿತು. 2016ರ ಮಾರ್ಚ್‌ನಲ್ಲಿ ರೈತರು ಟ್ರ್ಯಾಕ್ಟರ್ ಹತ್ತಿ ರಾಜಧಾನಿಯ ಕಡೆ ಹೊರಟರು. ಆ ಕಾವಿನ ನಡುವೆಯೇ ಸರ್ಕಾರದ ಉತ್ತರ ಬಂತು: ಬೆಂಗಳೂರಿನ ಕೊಳೆನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಕೊಡುತ್ತೇವೆ. ದಿನಕ್ಕೆ 440 ಎಂಎಲ್‌ಡಿ, ಅಂದರೆ 44 ಕೋಟಿ ಲೀಟರ್. ಮೊದಲ ಲೆಕ್ಕದಲ್ಲಿ 126 ಕೆರೆ. ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಕೆಲಸ. ಒಂದು ಕಡೆ ಕೆರೆಗೆ ಬೆಂಕಿ ಹತ್ತಿದ ಊರು, ಇನ್ನೊಂದು ಕಡೆ ಕೆರೆ ಒಣಗಿದ ಜಿಲ್ಲೆ. ಎರಡು ಕಷ್ಟವನ್ನು ಒಂದೇ ಪೈಪಿನಲ್ಲಿ ಕಟ್ಟಿದ ಹಾಗಾಯಿತು.

ಲಕ್ಷ್ಮೀಸಾಗರದಲ್ಲಿ ನೊರೆ

2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಜನ ಪೂಜೆ ಮಾಡಿದರು. ಮುಂದಿನ ತಿಂಗಳೇ ಆ ಕೆರೆಯಲ್ಲಿ ನೊರೆ ಕಂಡಿತು. ಬೆಳ್ಳಂದೂರಿನ ಚಿತ್ರಗಳನ್ನು ನೋಡಿದ್ದ ಜನಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ನೀರಾವರಿ ಹೋರಾಟಗಾರರು ಹೈಕೋರ್ಟಿಗೆ ಹೋದರು. ಜುಲೈನಲ್ಲಿ ತಡೆಯಾಜ್ಞೆ ಬಂತು, ಕೆಲವು ತಿಂಗಳಲ್ಲಿ ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು, ಏಪ್ರಿಲ್‌ನಲ್ಲಿ ಅದೂ ತೆರವಾಗಿ ನೀರು ಮತ್ತೆ ಹರಿಯಿತು.

ಗಮನಿಸಬೇಕಾದ ಸಂಗತಿ ಎಂದರೆ, ಕೋರ್ಟಿಗೆ ಹೋದವರು ನೀರು ಬೇಕು ಎಂದು ಧರಣಿ ಕೂತವರೇ. ಅವರು ನೀರು ಬೇಡ ಎನ್ನಲಿಲ್ಲ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದರು. ಆಗ ಅವರನ್ನು ನೀರಿಗೆ ಅಡ್ಡ ಬಂದವರು ಎಂದು ಬೈದವರೂ ಇದ್ದರು. ಬೈದವರಲ್ಲೂ ತಪ್ಪು ಹುಡುಕುವುದು ಕಷ್ಟ. ಇಪ್ಪತ್ತು ವರ್ಷ ಕೆರೆಯಂಗಳದಲ್ಲಿ ಜಾಲಿ ಬೆಳೆದದ್ದನ್ನು ನೋಡಿದವರಿಗೆ ಕಣ್ಣೆದುರಿನ ನೀರು ದೊಡ್ಡದು.

ನೀರು ಹರಿದ ಮೇಲೆ ಆದ ಬದಲಾವಣೆ ಸುಳ್ಳಲ್ಲ. ಲಕ್ಷ್ಮೀಸಾಗರ, ನರಸಾಪುರ, ಎಸ್. ಅಗ್ರಹಾರ ಹೀಗೆ ಕೆರೆ ಕೆರೆ ದಾಟಿ ನೀರು ಮುಂದೆ ಹೋಯಿತು. ಕೆರೆಯ ಆಸುಪಾಸಿನ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಕಂಡಿತು. ತೆರೆದ ಬಾವಿಗಳಲ್ಲೂ ಒರತೆ ಮರಳಿತು. ಟೊಮೆಟೊ, ಹಿಪ್ಪುನೇರಳೆ, ಹಸುವಿನ ಮೇವು ಹೆಚ್ಚಿತು. ಮೀನು ಹರಾಜು ಮತ್ತೆ ಶುರುವಾಯಿತು. 2021ರಲ್ಲಿ ಭಾರಿ ಮಳೆಯೂ ಸೇರಿದಾಗ ಕೆರೆಗಳು ಸಾಲಾಗಿ ಕೋಡಿ ಬಿದ್ದು ಪಾಲಾರ್ ಹರಿದದ್ದನ್ನು ನೋಡಲು ಜನ ಬೈಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಂದರು. ನಮ್ಮಲ್ಲಿ ಹಲವರು ಹರಿಯುವ ಪಾಲಾರ್ ನೋಡಿದ್ದು ಅದೇ ಮೊದಲು.

ಪ್ರಶ್ನೆ ಇರುವುದು ಎಲ್ಲಿ

ಯೋಜನೆಯ ನಿಯಮದ ಪ್ರಕಾರ ಈ ನೀರು ಕುಡಿಯಲು ಅಲ್ಲ, ನೇರ ಗದ್ದೆಗೆ ಹಾಯಿಸಲೂ ಅಲ್ಲ. ಕೆರೆಯಲ್ಲಿ ನಿಂತು ಭೂಮಿಗೆ ಇಂಗಿ ಅಂತರ್ಜಲವಾಗಬೇಕು. ಮಣ್ಣು ತಾನೇ ಒಂದು ಶೋಧಕ ಎಂಬುದು ಇದರ ಹಿಂದಿನ ನಂಬಿಕೆ. ಅದು ಪೂರ್ತಿ ತಪ್ಪಲ್ಲ. ಮಣ್ಣಿನ ಪದರ ರೋಗಾಣುಗಳನ್ನು, ತೇಲುವ ಕಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ನೈಟ್ರೇಟ್ ನೀರಿನ ಜೊತೆಗೇ ಇಳಿಯುತ್ತದೆ. ಔಷಧಿಗಳ ಉಳಿಕೆಯನ್ನು ಪೂರ್ತಿ ತೆಗೆಯಲು ಎರಡನೇ ಹಂತವನ್ನು ರೂಪಿಸಿಯೇ ಇಲ್ಲ. ಭಾರಲೋಹ ಇದ್ದರೆ ಕೆರೆಯ ಹೂಳಿನಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ಆ ಹೂಳನ್ನೇ ನಮ್ಮ ರೈತರು ಗೊಬ್ಬರವೆಂದು ಹೊಲಕ್ಕೆ ಹೊಡೆಯುತ್ತಾರೆ. ಇನ್ನು ಕೋಲಾರದ ನೆಲ ಬಂಡೆಯ ನೆಲ. ಬಂಡೆಯ ಬಿರುಕಿನಲ್ಲಿ ಇಳಿಯುವ ನೀರಿಗೆ ಮಣ್ಣಿನ ಸೋಸುವಿಕೆ ಎಲ್ಲ ಕಡೆ ಒಂದೇ ಸಮ ಸಿಗುವುದಿಲ್ಲ.

ಅಳತೆಗೋಲೂ ಒಂದೇ ಕಡೆ ನಿಂತಿಲ್ಲ. ಕೇಂದ್ರ ಪರಿಸರ ಸಚಿವಾಲಯ 2017ರ ಅಕ್ಟೋಬರ್‌ನಲ್ಲಿ ಮಹಾನಗರಗಳ ಘಟಕದಿಂದ ಹೊರಬರುವ ನೀರಿಗೆ ಬಿಒಡಿ 20, ಉಳಿದ ಕಡೆ 30 ಎಂದು ಮಿತಿ ಗೊತ್ತು ಮಾಡಿತು. 2019ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ ಅದು ಸಾಲದು, 10 ಇರಲಿ ಎಂದಿತು. ಕೋಲಾರಕ್ಕೆ ನೀರು ಬರಲು ಶುರುವಾಗಿ ಆಗ ಒಂದು ವರ್ಷವೂ ಆಗಿರಲಿಲ್ಲ. ಬಿಒಡಿ ಬರೀ ಹೊಲಸಿನ ಅಳತೆ. ನೈಟ್ರೇಟನ್ನಾಗಲಿ ಲೋಹವನ್ನಾಗಲಿ ಅದು ತಿಳಿಸುವುದಿಲ್ಲ. "ನೀರು ಮಾನದಂಡದೊಳಗಿದೆ" ಎಂದು ಅಧಿಕಾರಿಗಳು ಹೇಳಿದಾಗ ಯಾವ ಮಾನದಂಡ, ಯಾವುದರದು, ಯಾವ ದಿನದ್ದು ಎಂದು ಕೇಳುವ ಅಭ್ಯಾಸ ನಮ್ಮಂಥ ವರದಿಗಾರರಿಗೆ ಇರಬೇಕು.

ಇನ್ನೊಂದು ಪ್ರಶ್ನೆ ನ್ಯಾಯದ್ದು. ಈ ನೀರಿನ ಬಹುಪಾಲು ಮೂಲದಲ್ಲಿ ಕಾವೇರಿ. ಮಂಡ್ಯದ ಮಗ್ಗುಲಿಂದ ಹೊರಟು, ಬೆಂಗಳೂರಿನ ಅಡುಗೆಮನೆ ಬಚ್ಚಲುಮನೆ ದಾಟಿ, ಪಾಲಾರ್ ಸೀಮೆಗೆ ಬರುತ್ತದೆ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ನ್ಯಾಯಮಂಡಳಿ 2007ರಲ್ಲಿ ಊರಿನ ಪಾಲನ್ನು ಕಡಿಮೆ ಲೆಕ್ಕ ಹಾಕಿತ್ತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ನಗರಕ್ಕೆಂದು 4.75 ಟಿಎಂಸಿ ಹೆಚ್ಚು ಕೊಟ್ಟಿತು. ಕೋಲಾರದ ಪೈಪಿನಲ್ಲಿ 440 ಎಂಎಲ್‌ಡಿ ವರ್ಷವಿಡೀ ಪೂರ್ತಿ ಹರಿದರೆ ಸುಮಾರು ಐದೂವರೆ ಟಿಎಂಸಿ ಆಗುತ್ತದೆ. ಊರು ಹೋರಾಡಿ ಗಳಿಸಿದ ಪಾಲಿಗಿಂತ ಅದು ಬಿಸಾಡುವ ನೀರು ಹೆಚ್ಚು ಎಂಬುದನ್ನು ಈ ಎರಡು ಅಂಕಿ ಪಕ್ಕಪಕ್ಕದಲ್ಲಿ ಇಟ್ಟರೆ ಕಾಣುತ್ತದೆ. ಕೊಳೆನೀರು ಇವತ್ತು ಕಸವಲ್ಲ, ಆಸ್ತಿ. ಆಸ್ತಿಯಾದ ಮೇಲೆ ಅದನ್ನು ಶುದ್ಧ ಮಾಡುವ ಖರ್ಚು ಯಾರದು ಎಂದು ಕೇಳುವುದು ತಪ್ಪಲ್ಲ. ಹಸಿ ಕಾವೇರಿಯನ್ನು 500 ಮೀಟರ್ ಎತ್ತಲು ದುಡ್ಡಿದೆ. ಬಳಸಿದ ಕಾವೇರಿಗೆ ಮೂರನೇ ಮೆಟ್ಟಿಲು ಕಟ್ಟುವಾಗ ಮಾತ್ರ ದುಬಾರಿ ಎನ್ನುತ್ತಾರೆ.

ಈ ಮಾದರಿ ಕೋಲಾರಕ್ಕೇ ನಿಂತಿಲ್ಲ. ಹೆಬ್ಬಾಳ-ನಾಗವಾರ ಕಣಿವೆಯ ನೀರು 210 ಎಂಎಲ್‌ಡಿ ಲೆಕ್ಕದಲ್ಲಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಹೋಗಿದೆ. ವೃಷಭಾವತಿ ಕಣಿವೆಯ ನೀರನ್ನು ನೆಲಮಂಗಲ, ತುಮಕೂರು ಕಡೆಗೆ ಒಯ್ಯುವ ಕೆಲಸವಾಗುತ್ತಿದೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲೂ ಆಗಿ ಬೆಂಗಳೂರಿಗೆ ಇನ್ನೂ 775 ಎಂಎಲ್‌ಡಿ ತರುವ ಸಾಮರ್ಥ್ಯ ಬಂದಿದೆ. ಎಂಬತ್ತು ಪಾಲಿನ ಲೆಕ್ಕ ಹಾಕಿ ನೋಡಿ. ಇನ್ನೂ ಸುಮಾರು 600 ಎಂಎಲ್‌ಡಿ ಕೊಳೆನೀರು ಯಾವುದೋ ಕಣಿವೆಗೆ, ಯಾವುದೋ ಜಿಲ್ಲೆಗೆ ಬರುವುದಿದೆ.

ಹಾಗಾಗಿ ಕೇಳಬೇಕಾದದ್ದನ್ನು ಈಗಲೇ ಕೇಳುವುದು ಒಳ್ಳೆಯದು. ನೀರು ಬೇಕೋ ಬೇಡವೋ ಎಂಬ ಜಗಳ ಮುಗಿದಿದೆ, ನೀರು ಬಂದಾಗಿದೆ. ಈಗ ಬೇಕಾದದ್ದು ಮೂರನೇ ಹಂತದ ಘಟಕಕ್ಕೆ ಒಂದು ಗೊತ್ತಾದ ದಿನಾಂಕ. ಅದು ಬರುವವರೆಗೆ ಪ್ರತಿ ತಿಂಗಳೂ ಕೆರೆಯ ನೀರು, ಕೆರೆ ಪಕ್ಕದ ಬೋರ್‌ವೆಲ್ ನೀರು ಮತ್ತು ಹೂಳಿನ ಪರೀಕ್ಷೆಯಾಗಬೇಕು. ನೈಟ್ರೇಟ್, ಲೋಹ ಎಲ್ಲ ಅದರಲ್ಲಿ ಸೇರಬೇಕು. ಫಲಿತಾಂಶವನ್ನು ಕನ್ನಡದಲ್ಲಿ ಬರೆದು, ಹಾಲು ಹಾಕಲು ಬಂದವರು ನಿಂತು ಓದುವ ಹಾಗೆ ಡೇರಿಯ ಗೋಡೆಗೂ ಪಂಚಾಯ್ತಿ ಕಚೇರಿಯ ಗೋಡೆಗೂ ಅಂಟಿಸಬೇಕು. ತೂಬಿನಲ್ಲಿ ಎಷ್ಟು ನೀರು ಹೋಗುತ್ತಿದೆ ಎಂದು ಹಿಂದೆ ನೀರುಗಂಟಿ ಊರಿಗೆ ಲೆಕ್ಕ ಕೊಡುತ್ತಿದ್ದ. ಕೆರೆಯೊಳಗೆ ಎಂಥ ನೀರು ಬರುತ್ತಿದೆ ಎಂಬ ಲೆಕ್ಕವನ್ನು ಈಗ ಯಾರಾದರೂ ಕೊಡಲೇಬೇಕು.